ಮಂಗಳೂರಿನ ಇಗರ್ಜಿಗಳಿಗೆ ಒಬ್ಬರೇ ಸೈಕಲ್‌ನಲ್ಲಿ: ಎರಡು ಬೆಳಗಿನ ದಾರಿ

ನಮ್ಮ ಮನೆಯಲ್ಲಿ ಚರ್ಚ್ ಎಂಬ ಮಾತು ಬಳಕೆಯಲ್ಲಿರಲಿಲ್ಲ. ಇಗರ್ಜಿ ಎನ್ನುತ್ತಿದ್ದೆವು. ಪೋರ್ಚುಗೀಸರ ಮಾತು ಕೊಂಕಣಿಯ ಬಾಯಲ್ಲಿ ಸವೆದು ನುಣುಪಾದ ರೂಪ ಅದು. ಮಂಗಳೂರಿನಲ್ಲಿ ಇಗರ್ಜಿಗೆ ಹೋಗುವುದೆಂದರೆ ಹೆಚ್ಚಿನ ಕಡೆ ಗುಡ್ಡ ಹತ್ತುವುದು. ಬಾಲ್ಯದಲ್ಲಿ ಅಮ್ಮನ ಕೈ ಹಿಡಿದು ಹತ್ತಿದ ಏರುಗಳನ್ನೇ ಈಗ ಸೈಕಲ್ ತುಳಿದು ಹತ್ತುತ್ತೇನೆ. ಕಾರಿನಲ್ಲಿ ಕುಳಿತವರಿಗೆ ಈ ಊರು ಸಪಾಟಾಗಿ ಕಾಣುತ್ತದೆ. ಪೆಡಲ್ ಮೇಲೆ ಕಾಲಿಟ್ಟವರಿಗೆ ಮಾತ್ರ ಹಳ್ಳ ಎಲ್ಲಿ, ದಿಣ್ಣೆ ಎಲ್ಲಿ, ಯಾರು ಯಾವ ದಿಣ್ಣೆಯನ್ನು ಯಾವಾಗ ಆರಿಸಿಕೊಂಡರು ಎಂಬುದು ತಿಳಿಯುತ್ತದೆ.

ಮಂಗಳೂರು ಗೊತ್ತಿಲ್ಲದವರೂ ಒಬ್ಬರೇ ಹೊರಟು ಮುಗಿಸಬಹುದಾದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಕ್ರೈಸ್ತರಾಗಿರಬೇಕೆಂದಿಲ್ಲ. ಸೈಕಲ್ ತುಳಿಯಲು ಬಂದರೆ, ಒಂದು ಬೆಂಚಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರುವ ತಾಳ್ಮೆ ಇದ್ದರೆ ಸಾಕು.

ಎಷ್ಟು ಇಗರ್ಜಿ, ಯಾವ ಕ್ರಮದಲ್ಲಿ

ಮೊದಲ ಸಲ ಹೊರಟಾಗ ನಾನು ಒಂದೇ ಬೆಳಗಿನಲ್ಲಿ ಹನ್ನೊಂದು ಇಗರ್ಜಿಗಳನ್ನು ಮುಗಿಸಿದೆ. ಮನೆಗೆ ಬಂದು ಮೊಬೈಲ್‌ನಲ್ಲಿದ್ದ ಚಿತ್ರಗಳನ್ನು ನೋಡಿದರೆ ಐದರ ಒಳಾಂಗಣ ನೆನಪಿಗೇ ಬರಲಿಲ್ಲ. ಆಮೇಲೆ ಎಣಿಕೆ ಬಿಟ್ಟೆ. ಒಂದು ಬೆಳಗಿಗೆ ನಾಲ್ಕೈದು ಕಡೆ ಇಳಿದರೆ ಸಾಕು. ಉಳಿದವನ್ನು ದಾರಿಯಲ್ಲಿ ನೋಡುತ್ತಾ ಸಾಗಬಹುದು.

ಕ್ರಮ ಮುಖ್ಯ. ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಎಂದು ನಕ್ಷೆ ಹೇಳುತ್ತದೆ. ನಾನು ಹೇಳುವುದು, ಆದಷ್ಟು ವರ್ಷಗಳ ಕ್ರಮ ಹಿಡಿಯಿರಿ ಎಂದು. 1568ರ ರೊಸಾರಿಯೊದಿಂದ ಹೊರಡಿ, 1680ರ ಮಿಲಾಗ್ರಿಸ್‌ಗೆ ಬನ್ನಿ, ಆಮೇಲೆ ಹತ್ತೊಂಬತ್ತನೆಯ ಶತಮಾನದ ಗುಡ್ಡಗಳನ್ನು ಹತ್ತಿ. ಎರಡನೆಯ ಬೆಳಗನ್ನು ಪೂರ್ತಿಯಾಗಿ ಫರಂಗಿಪೇಟೆಗೆ ಇಡಿ. ನಡುವೆ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಿ: 1784. ಆ ವರ್ಷ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಇಗರ್ಜಿಗಳನ್ನು ಕೆಡವಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಮರಳಿದರು. ಆದ್ದರಿಂದ ಇಲ್ಲಿನ ಹಳೆಯ ಇಗರ್ಜಿಗಳಿಗೆ ಸ್ಥಾಪನೆಯ ವರ್ಷ ಒಂದು, ಕಣ್ಣೆದುರು ನಿಂತಿರುವ ಕಟ್ಟಡದ ವರ್ಷ ಇನ್ನೊಂದು. ಫಲಕದಲ್ಲಿ 1568 ಎಂದು ಓದಿ ಗೋಡೆ ಮುಟ್ಟಿ ಪುಳಕಗೊಳ್ಳುವ ಮುನ್ನ ಇದು ಗೊತ್ತಿರಲಿ.

ದಿನ, ಗಂಟೆ, ಕಾಲ

ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಬೆಳಗಿನ ಗಾಳಿ ಹಿತವಾಗಿರುತ್ತದೆ. ಮಾರ್ಚ್ ಬಂತೆಂದರೆ ಎಂಟು ಗಂಟೆಗೇ ಅಂಗಿ ಬೆನ್ನಿಗೆ ಅಂಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆಯಲ್ಲಿ ತುಳಿಯುವ ಸುಖ ನನಗೂ ಇಷ್ಟ, ಆದರೆ ಗೊತ್ತಿಲ್ಲದ ಊರಿನಲ್ಲಿ ಒಬ್ಬರೇ ಬೇಡ. ರಸ್ತೆಯ ಅಂಚಿನ ಪಾಚಿ, ನೀರಿನಡಿ ಕಾಣದ ಗುಂಡಿ, ಇಳಿಜಾರಿನಲ್ಲಿ ಹಿಡಿಯದ ಬ್ರೇಕ್ ಮೂರೂ ಒಟ್ಟಿಗೆ ಎದುರಾಗುತ್ತವೆ.

ಭಾನುವಾರ ರಸ್ತೆ ಖಾಲಿ, ಇಗರ್ಜಿ ಭರ್ತಿ. ಒಂದರ ಹಿಂದೆ ಒಂದು ಬಲಿಪೂಜೆ (ಮಾಸ್) ನಡೆಯುತ್ತಿರುವಾಗ ಕಟ್ಟಡ ನೋಡಲು ಬಂದವರಿಗೆ ಜಾಗವಿರುವುದಿಲ್ಲ, ಇರಲೂಬಾರದು. ಪೂಜೆಯಲ್ಲಿ ಭಾಗವಹಿಸಬೇಕೆಂದಿದ್ದರೆ ಭಾನುವಾರ ಬನ್ನಿ, ನೋಡಬೇಕೆಂದಿದ್ದರೆ ಶನಿವಾರ. ವಾರದ ದಿನಗಳಲ್ಲಿ ಮುಂಜಾನೆಯ ಪೂಜೆ ಮುಗಿದ ಮೇಲೆ ಬಾಗಿಲು ತೆರೆದಿರುತ್ತದೆ. ಅಜ್ಜಿಯಂದಿರು ಇಬ್ಬರು ಮೂವರು ಜಪಸರ ಹಿಡಿದು ಉಳಿದಿರುತ್ತಾರೆ. ಒಳಗಿನ ಬೆಳಕನ್ನು ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಸಂತ ಅಲೋಶಿಯಸ್ ಪ್ರಾರ್ಥನಾಲಯದ ಮಾತು ಬೇರೆ. ಅದು ಕಾಲೇಜಿನ ಆವರಣದೊಳಗಿದೆ, ಸಂದರ್ಶಕರಿಗೆ ಗೊತ್ತುಪಡಿಸಿದ ಸಮಯವಿದೆ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ಅದಕ್ಕೆಂದೇ ಅದನ್ನು ಮೊದಲ ಬೆಳಗಿನ ಕೊನೆಯಲ್ಲಿ ಇಟ್ಟಿದ್ದೇನೆ.

ಸೈಕಲ್ ಮತ್ತು ಚೀಲ

ಗೇರ್ ಇರುವ ಸೈಕಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಏರುಗಳಲ್ಲಿ ಇಳಿದು ತಳ್ಳಿಕೊಂಡು ಹೋಗಿ, ಯಾವ ಏರೂ ಹತ್ತು ನಿಮಿಷಕ್ಕಿಂತ ಹೆಚ್ಚು ತಳ್ಳಿಸುವುದಿಲ್ಲ. ಏರಿಗಿಂತ ಇಳಿಜಾರಿಗೆ ಸಿದ್ಧರಾಗಿ. ಹಿಂದಿನ ಸಂಜೆ ಎರಡೂ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ನೂಕಿ ನೋಡಿ. ಚಕ್ರ ಒಂದು ಅಂಗುಲವಾದರೂ ಉರುಳಿದರೆ ಬ್ರೇಕ್ ಕಟ್ಟೆ ಬದಲಿಸಿ. ನಗರದ ರಸ್ತೆಗಳು ಬಹುಪಾಲು ಕಾಂಕ್ರೀಟಿನವು, ಅಂಚಿನಲ್ಲಿ ಗೇಣುದ್ದ ತಗ್ಗು ಇರುವ ಕಡೆಗಳುಂಟು. ಹಿಂದಿನಿಂದ ಬಸ್ ಹಾರ್ನ್ ಹೊಡೆದಾಗ ಗಾಬರಿಯಾಗಿ ಅಂಚಿಗೆ ಸರಿದರೆ ಮುಂಚಕ್ರ ಆ ತಗ್ಗಿಗೆ ಜಾರುತ್ತದೆ. ಅಂಚಿನಿಂದ ಎರಡು ಅಡಿ ಒಳಗೇ ಇರಿ, ಬಸ್ಸಿನವರು ಕಾಯುತ್ತಾರೆ.

ಚೀಲದಲ್ಲಿ ಒಂದು ಟ್ಯೂಬ್, ಟೈರ್ ಬಿಚ್ಚುವ ಪಟ್ಟಿಗಳು, ಕೈಪಂಪ್, ಬೀಗ, ಎರಡು ಲೀಟರ್ ನೀರು, ಚಿಟಿಕೆ ಉಪ್ಪು, ಒಂದು ಟವೆಲ್. ಇವುಗಳ ಜೊತೆ ಈ ದಾರಿಗೇ ಬೇಕಾದ ಎರಡು ವಸ್ತುಗಳು: ಸೈಕಲ್ ಚಡ್ಡಿಯ ಮೇಲೆ ಹಾಕಿಕೊಳ್ಳಲು ಸಡಿಲವಾದ ಪ್ಯಾಂಟ್ ಅಥವಾ ಲುಂಗಿ, ಮತ್ತು ಸದ್ದು ಮಾಡದ ಚಪ್ಪಲಿ. ಪೆಡಲಿಗೆ ಸಿಕ್ಕಿಸುವ ಬೂಟು ಹಾಕಿಕೊಂಡು ಹಳೆಯ ನೆಲದ ಮೇಲೆ ಟಕ್ ಟಕ್ ಎಂದು ನಡೆದರೆ ಪ್ರಾರ್ಥಿಸುತ್ತಿರುವವರ ಎದೆಗೇ ಬಡಿದಂತಾಗುತ್ತದೆ.

ಒಬ್ಬರೇ ಹೋಗುವಾಗ ನಿಮ್ಮ ಇರುವಿಕೆಯನ್ನು ಮೊಬೈಲ್‌ನಲ್ಲಿ ಮನೆಯ ಒಬ್ಬರಿಗೆ ಹಂಚಿ ಹೊರಡಿ, ಎಲ್ಲಿ ಎಷ್ಟು ಹೊತ್ತಿಗೆ ಇರುತ್ತೀರೆಂದು ಬರೆದು ಕಳಿಸಿ. ತುರ್ತು ಕರೆಗೆ 112. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಇನ್ನೊಂದು ಉಪಾಯ. ಈ ಊರಿನ ಸ್ಥಳನಾಮಗಳೇ ಏರಿಳಿತದ ನಕ್ಷೆ. ಹೆಸರಿನ ಕೊನೆಗೆ ಬೈಲ್ ಇದ್ದರೆ ಅದು ಒಂದು ಕಾಲದ ಗದ್ದೆ, ತಗ್ಗು ಜಾಗ. ಗುಡ್ಡೆ ಎಂದಿದ್ದರೆ ಏರು ಖಚಿತ. ಪದವು ಎಂದರೆ ಮೇಲೆ ಹರಡಿಕೊಂಡ ಮುರಕಲ್ಲಿನ ಬಯಲು, ಅಂದರೆ ಮೊದಲು ಹತ್ತಬೇಕು, ಆಮೇಲೆ ಸಮತಟ್ಟು. ಕೊಡಿಯಾಲ್‌ಬೈಲ್‌ನಿಂದ ಬಾವುಟಗುಡ್ಡೆಗೆ ಎಂದು ಯಾರಾದರೂ ಹೇಳಿದರೆ ಕೇಳಿದ ಕ್ಷಣವೇ ಗೇರ್ ಇಳಿಸಿಕೊಳ್ಳಬಹುದು.

ಒಳಗೆ ಹೇಗಿರಬೇಕು

ಸೈಕಲನ್ನು ಮುಖ್ಯದ್ವಾರದ ಎದುರು ನಿಲ್ಲಿಸಬೇಡಿ. ಆವರಣದಲ್ಲಿ ಕೆಲಸ ಮಾಡುತ್ತಿರುವ ಯಾರನ್ನಾದರೂ ಕೇಳಿ, ಜಾಗ ತೋರಿಸುತ್ತಾರೆ. ಹಾಗೆ ಕೇಳುವುದರಿಂದ ಇನ್ನೊಂದು ಲಾಭ: ಒಬ್ಬರಾದರೂ ನಿಮ್ಮ ಸೈಕಲಿನ ಮೇಲೆ ಕಣ್ಣಿಟ್ಟಿರುತ್ತಾರೆ. ಹೆಲ್ಮೆಟ್, ಟೋಪಿ ತೆಗೆದು ಕೈಯಲ್ಲಿ ಹಿಡಿಯಿರಿ. ಬೆವರು ಒರೆಸಿಕೊಂಡು ಉಸಿರು ಹದಕ್ಕೆ ಬಂದ ಮೇಲೆ ಒಳಗೆ ಹೋಗಿ. ಹೊರಗೆ ಚಪ್ಪಲಿಗಳ ಸಾಲು ಕಂಡರೆ ನೀವೂ ಬಿಡಿ.

ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಬಲಿಪೀಠದ ಮೆಟ್ಟಿಲು ಹತ್ತಬೇಡಿ. ಪೂಜೆ ನಡೆಯುತ್ತಿದ್ದರೆ ಓಡಾಡದೆ, ಚಿತ್ರ ತೆಗೆಯದೆ ಕುಳಿತಿರಿ. ಎಲ್ಲರೂ ಎದ್ದಾಗ ಏಳಿ, ಕುಳಿತಾಗ ಕೂರಿ. ಪೂಜೆಯಲ್ಲಿ ಹಂಚುವ ರೊಟ್ಟಿ, ಅಂದರೆ ಪರಮಪ್ರಸಾದ, ದೀಕ್ಷೆ ಪಡೆದ ಕಥೋಲಿಕರಿಗೆ ಮಾತ್ರ. ಸಾಲಿನಲ್ಲಿ ಹೋಗಿ ಕೈಚಾಚದೆ ನಿಮ್ಮ ಜಾಗದಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಶವಸಂಸ್ಕಾರ ನಡೆಯುತ್ತಿದ್ದರೆ ಒಳಗೆ ಹೋಗಲೇಬೇಡಿ, ಸೈಕಲ್ ಹಿಡಿದು ಗೇಟಿನ ಹೊರಗೆ ಒಂದು ನಿಮಿಷ ನಿಂತು ಮುಂದೆ ಸಾಗಿ. ಆ ಇಗರ್ಜಿ ಇನ್ನೊಂದು ದಿನಕ್ಕಿರಲಿ.

ಮೊದಲ ಬೆಳಗು: ಬಂದರಿನಿಂದ ಗುಡ್ಡಕ್ಕೆ, ಸುಮಾರು 18 ಕಿಲೋಮೀಟರ್

ಆರು ಗಂಟೆಗೆ ರೊಸಾರಿಯೊ ಕೆಥೆಡ್ರಲ್‌ನಲ್ಲಿರಿ. ಹಳೆಯ ಬಂದರಿನ ಕಡೆಯ ತಗ್ಗು ಪ್ರದೇಶದಲ್ಲಿದೆ ಇದು. ಮಿಕ್ಕ ಹಲವು ಇಗರ್ಜಿಗಳು ಗುಡ್ಡ ಹತ್ತಿದರೆ ಇದೊಂದು ನೀರಿನ ಹತ್ತಿರ ಉಳಿದಿದೆ, ಏಕೆಂದರೆ ಇದನ್ನು ಕಟ್ಟಿದವರು ಹಡಗಿನಲ್ಲಿ ಬಂದ ಪೋರ್ಚುಗೀಸರು. 1568ರ ಆ ಕಟ್ಟಡ ಈಗಿಲ್ಲ. ಸೆರೆಯಿಂದ ಮರಳಿದವರು 1813ರಲ್ಲಿ ಮತ್ತೆ ಕಟ್ಟಿದರು. ಈಗ ಕಾಣುವ, ಗುಮ್ಮಟ ಹೊತ್ತ ಕಟ್ಟಡದ ಕೆಲಸ ಆರಂಭವಾದದ್ದು 1910ರಲ್ಲಿ. ವಿನ್ಯಾಸ ಜೆಸ್ವಿತ್ (ಯೇಸುಸಭೆಯ) ಸಹೋದರ ದಿವೊ ಅವರದು. ಗುಮ್ಮಟದ ನೇರ ಕೆಳಗೆ ನಿಂತು ಮೇಲೆ ನೋಡಿ. ಮುಂಜಾನೆಯ ಬೆಳಕು ಮೇಲಿನಿಂದ ಇಳಿಯುತ್ತಾ ನೆಲ ಮುಟ್ಟುವ ಮೊದಲೇ ಕರಗುತ್ತದೆ. ಬಿಷಪರ ಪೀಠ ಇರುವುದು ಇಲ್ಲಿಯೇ.

ಇಲ್ಲಿಂದ ಹಂಪನಕಟ್ಟೆಯ ಮಿಲಾಗ್ರಿಸ್‌ಗೆ ಒಂದೂವರೆ ಕಿಲೋಮೀಟರ್‌ಗಿಂತ ಕಡಿಮೆ. ಕಾಲು ಬೆಚ್ಚಗಾಗುವಷ್ಟರಲ್ಲಿ ತಲುಪಿಬಿಡುತ್ತೀರಿ. ಆದರೆ ಇಲ್ಲಿ ಅವಸರ ಬೇಡ, ಇಡೀ ದಾರಿಯಲ್ಲಿ ನನಗೆ ಬಹಳ ಪ್ರಿಯವಾದ ಕಥೆ ಇಲ್ಲಿಯದು. 1680ರಲ್ಲಿ ಗೋವಾ ಮೂಲದ ಬಿಷಪ್ ತೋಮಸ್ ಡಿ ಕಾಸ್ತ್ರೊ ಇದನ್ನು ಸ್ಥಾಪಿಸಿದರು. ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಅದೇ ಚೆನ್ನಮ್ಮ. ಶಾಲೆಯ ಪಾಠದಲ್ಲಿ ಕತ್ತಿ ಹಿಡಿದ ರಾಣಿಯನ್ನು ಓದಿದವರು ಇಲ್ಲಿ ಭೂಮಿ ಬರೆದುಕೊಟ್ಟ ರಾಣಿಯನ್ನು ನೆನೆಯಬಹುದು. ಬಿಷಪ್ ಕಾಸ್ತ್ರೊ 1684ರಲ್ಲಿ ತೀರಿಕೊಂಡರು, ಅವರ ಸಮಾಧಿ ಇಲ್ಲಿನ ಸ್ಮಶಾನದಲ್ಲಿದೆ. ಸರಿಯಾಗಿ ನೂರು ವರ್ಷಗಳ ನಂತರ, 1784ರಲ್ಲಿ, ಅವರು ಕಟ್ಟಿಸಿದ ಇಗರ್ಜಿ ಬಿತ್ತು. ಈಗಿನ ಕಟ್ಟಡ 1911ರದು. ಇಗರ್ಜಿ ನೋಡಿದ ಮೇಲೆ ಸ್ಮಶಾನಕ್ಕೂ ಹೋಗಿ ಬನ್ನಿ. ಈ ಊರಿನ ಮನೆತನಗಳ ಹೆಸರುಗಳನ್ನು ಅಲ್ಲಿನ ಕಲ್ಲುಗಳ ಮೇಲೆ ಓದುವುದೇ ಒಂದು ಪಾಠ.

ಹಂಪನಕಟ್ಟೆಯ ಸುತ್ತಮುತ್ತ ಏಳರ ಹೊತ್ತಿಗೆ ಹೋಟೆಲುಗಳಲ್ಲಿ ಬನ್ಸ್ ಬಂದಿರುತ್ತದೆ. ಬಾಳೆಹಣ್ಣು ಬೆರೆಸಿದ ಹಿಟ್ಟಿನ, ಒಳಗೆ ಜಾಲರಿಯಂತಿರುವ ಮಂಗಳೂರು ಬನ್ಸ್ ಎರಡು ತಿಂದು ಚಹಾ ಕುಡಿಯಿರಿ. ಮುಂದೆ ಏರು ಕಾದಿದೆ.

ಫಳ್ನೀರ್ ರಸ್ತೆ ಹಿಡಿದು ಕಂಕನಾಡಿಗೆ ಹೋಗಿ. ಫಾದರ್ ಮುಲ್ಲರ್ ಆಸ್ಪತ್ರೆಯ ಎದುರು ಒಮ್ಮೆ ನಿಲ್ಲಿ. ಜರ್ಮನ್ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಶುರುಮಾಡಿದ ಹೋಮಿಯೋಪಥಿ ಔಷಧಾಲಯ ಇಷ್ಟು ದೊಡ್ಡದಾಗಿ ಬೆಳೆದಿದೆ. ಬೆಂದೂರ್‌ವೆಲ್ ಕಡೆ ತಿರುಗಿದರೆ ಸಂತ ಸೆಬಾಸ್ಟಿಯನ್ ಇಗರ್ಜಿ. ಇದನ್ನು ನೋಡುತ್ತಾ ದಾಟಿ, ಮಲ್ಲಿಕಟ್ಟೆಯ ಮೂಲಕ ನಂತೂರಿಗೆ ಬನ್ನಿ.

ನಂತೂರು ವೃತ್ತದಲ್ಲಿ ಸೈಕಲಿನಿಂದ ಇಳಿಯಿರಿ. ಇದು ಸಲಹೆಯಲ್ಲ, ಕೇಳಿಕೊಳ್ಳುತ್ತಿದ್ದೇನೆ. ಹೆದ್ದಾರಿಗಳು ಕೂಡುವ ಈ ಜಾಗದಲ್ಲಿ ಇಳಿಜಾರಿನ ಬಲದಿಂದ ಲಾರಿಗಳು ಬರುತ್ತವೆ. ಹತ್ತು ವರ್ಷ ಈ ಊರಿನಲ್ಲಿ ತುಳಿದ ನಾನೂ ಇಲ್ಲಿ ನಡೆದೇ ದಾಟುತ್ತೇನೆ.

ದಾಟಿದ ಮೇಲೆ ಮೂಡುಬಿದಿರೆಯ ಹೆದ್ದಾರಿ. ಮೊದಲು ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರ. ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಈ ಕ್ಷೇತ್ರಕ್ಕೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ, ಅದರಲ್ಲೂ ಗುರುವಾರ. ಜನವರಿ ಮಧ್ಯದ ವಾರ್ಷಿಕ ಹಬ್ಬದ ದಿನಗಳಲ್ಲಿ ಸೈಕಲ್ ತರಬೇಡಿ, ಕಾಲಿಡಲೂ ಜಾಗವಿರುವುದಿಲ್ಲ. ಅಲ್ಲಿಂದ ಇನ್ನೂ ಒಂದೂವರೆ ಕಿಲೋಮೀಟರ್ ತುಳಿದರೆ ಕುಲಶೇಖರ. ಇಲ್ಲಿನ ಹೋಲಿ ಕ್ರಾಸ್ ಇಗರ್ಜಿಯನ್ನು ಊರವರು ಕೊರ್ಡೆಲ್ ಎನ್ನುತ್ತಾರೆ. 1873ರಲ್ಲಿ ಇದನ್ನು ಕಟ್ಟಿದ ಪಾದ್ರಿ ಅಲೆಕ್ಸಾಂಡರ್ ದುಬೊವಾ ಜನರ ಬಾಯಲ್ಲಿ ಫ್ರಾದ್ ಸಾಯ್ಬ್ ಆದರು. ನನ್ನ ತಾಯಿ ಹುಟ್ಟಿದ್ದು ಈ ಧರ್ಮಕೇಂದ್ರದಲ್ಲಿ. ಮಧ್ಯಾಹ್ನದ ಆಮೊರಿಯ, ಅಂದರೆ ಮರಿಯಮ್ಮನ ಪ್ರಾರ್ಥನೆಯ, ಗಂಟೆ ಕೇಳಿದಾಗ ಗದ್ದೆಯಲ್ಲಿದ್ದವರು ನಾಟಿ ನಿಲ್ಲಿಸಿ, ಕೆಸರಿನ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರೆಂದು ಅವರು ಹೇಳುತ್ತಿದ್ದರು. ಗದ್ದೆ ಈಗ ಮನೆಗಳಾಗಿವೆ, ಗಂಟೆ ಇದೆ. ಇಲ್ಲಿ ಕನಿಷ್ಠ ಕಾಲುಗಂಟೆ ಕೂರಿ.

ಮರಳಿ ನಂತೂರು, ಅಲ್ಲಿಂದ ಕೆಪಿಟಿ ವೃತ್ತದವರೆಗೆ ಹೆದ್ದಾರಿಯ ಎಡ ಅಂಚು, ಬಿಜೈಗೆ ತಿರುವು. ಬಿಜೈಯ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಯಲ್ಲಿ ನೀರು ಕುಡಿದು ದಣಿವಾರಿಸಿಕೊಳ್ಳಿ. ನಂತರ ಬಿಷಪರ ನಿವಾಸವಿರುವ ಕೊಡಿಯಾಲ್‌ಬೈಲ್ ದಾಟಿ ಬಾವುಟಗುಡ್ಡೆ ಹತ್ತಿ. ಏರು ಚಿಕ್ಕದು, ಕಡಿದು. ತಳ್ಳಿಕೊಂಡೇ ಬನ್ನಿ, ಮುಂದೆ ಕಣ್ಣಿಗೆ ಕೆಲಸವಿದೆ.

ಸಂತ ಅಲೋಶಿಯಸ್ ಪ್ರಾರ್ಥನಾಲಯ ಹೊರಗಿನಿಂದ ಸಾಧಾರಣ. 1880ರ ದಶಕದ ಕಟ್ಟಡ, ಹಂಚಿನ ಮಾಡು. ಒಳಗೆ ಕಾಲಿಟ್ಟರೆ ಬರಿಗೋಡೆ ಎಂಬುದೇ ಕಾಣುವುದಿಲ್ಲ. ಇಟಲಿಯ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಚಾವಣಿ, ಕಮಾನುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಹಲವು ಚಿತ್ರಗಳು ಹಸಿ ಗಾರೆಯ ಮೇಲಿನವು. ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು, ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ತಪ್ಪಿದರೆ ಅಳಿಸುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಮಂಗಳೂರಿನ ಗಾಳಿಯ ತೇವದಲ್ಲಿ ಆ ಕೆಲಸ ಮಾಡಿದ ಮನುಷ್ಯ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ತಾಯ್ನಾಡಿಗೆ ಮರಳಲಿಲ್ಲ.

ನೋಡುವ ಕ್ರಮ ಹೇಳುತ್ತೇನೆ. ಬಾಗಿಲಲ್ಲೇ ಮೊಬೈಲ್ ಎತ್ತಬೇಡಿ. ನಡುವಿನ ಬೆಂಚಿನಲ್ಲಿ ಐದು ನಿಮಿಷ ಕೂರಿ, ಹೊರಗಿನ ಬಿಸಿಲು ಕಣ್ಣಿನಿಂದ ಹೋಗಲಿ. ಮೊದಲು ಚಾವಣಿ, ಆಮೇಲೆ ಗೋಡೆಗಳು. ಚಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕಿದೆ. ಶ್ರೀಮಂತ ಮನೆತನದ ಹಿರಿಯ ಮಗ, ಆಸ್ತಿಯ ಹಕ್ಕು ಬಿಟ್ಟು ಸನ್ಯಾಸಿಯಾದವನು, ರೋಮ್‌ನಲ್ಲಿ ಪಿಡುಗಿಗೆ ಸಿಕ್ಕವರ ಸೇವೆ ಮಾಡುತ್ತಾ 1591ರಲ್ಲಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ ಸತ್ತವನು. ಅವನು ಹುಟ್ಟಿದ್ದು 1568ರಲ್ಲಿ. ಬೆಳಿಗ್ಗೆ ಆರಕ್ಕೆ ರೊಸಾರಿಯೊದಲ್ಲಿ ಓದಿದ ಅದೇ ವರ್ಷ. ಯಾರೂ ಬೇಕೆಂದು ಹೊಂದಿಸಿದ್ದಲ್ಲ, ಆದರೂ ಪ್ರತಿ ಸಲ ಇದು ಹೊಳೆದಾಗ ನನಗೆ ಸಂತೋಷವಾಗುತ್ತದೆ.

ಎರಡನೆಯ ಬೆಳಗು: ನೇತ್ರಾವತಿಯ ಪಕ್ಕದಲ್ಲಿ, ಹೋಗಿಬರಲು ಸುಮಾರು 30 ಕಿಲೋಮೀಟರ್

ಈ ದಿನ ಒಂದೇ ಇಗರ್ಜಿ. ಐದೂಮುಕ್ಕಾಲಕ್ಕೆ ಹೊರಡಿ, ಏಕೆಂದರೆ ಬೆಂಗಳೂರು ಹೆದ್ದಾರಿಯಲ್ಲಿ ಲಾರಿ, ಬಸ್ಸು ತುಂಬುವ ಮೊದಲು ಅಲ್ಲಿರಬೇಕು. ಕಂಕನಾಡಿಯಿಂದ ಪಂಪ್‌ವೆಲ್‌ಗೆ ಇಳಿಯಿರಿ. ಮೇಲ್ಸೇತುವೆ ಹತ್ತದೆ ಕೆಳಗಿನ ರಸ್ತೆಯಲ್ಲೇ ದಾಟಿ. ಪಡೀಲ್‌ನ ರೈಲ್ವೆ ಕೆಳಸೇತುವೆ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ, ನೀರು ಕಂಡರೆ ಆಳ ಊಹಿಸದೆ ಹಿಂತಿರುಗಿ. ಕಣ್ಣೂರು, ಅಡ್ಯಾರ್, ವಳಚ್ಚಿಲ್, ಅರ್ಕುಳ. ಬಲಕ್ಕೆ ತೆಂಗಿನ ತೋಟಗಳ ಸಂದಿಯಲ್ಲಿ ನೇತ್ರಾವತಿ ಆಗಾಗ ಮಿನುಗುತ್ತದೆ. ಹೆದ್ದಾರಿಯ ಬಿಳಿ ಗೆರೆಯ ಎಡಕ್ಕೇ ಇರಿ, ಕಿವಿಗೆ ಹಾಡು ಬೇಡ.

ಫರಂಗಿಪೇಟೆ. ಫರಂಗಿಗಳ ಪೇಟೆ, ಅಂದರೆ ಪೋರ್ಚುಗೀಸರು ವ್ಯಾಪಾರಕ್ಕೆ ನಿಂತ ನದಿ ದಂಡೆ. ಇಲ್ಲಿನ ದಿಣ್ಣೆಯ ಮೇಲಿರುವುದು ಮೊಂತೆ ಮರಿಯಾನೊ, ಮರಿಯಮ್ಮನ ಬೆಟ್ಟ ಎಂದು ಅರ್ಥ. ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ನೆಲೆ, ಈಗ ಕಪುಚಿನ್ ಗುರುಗಳ ಆಶ್ರಮ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿದ್ದ ಗೋವಾದ ಗುರು ಜೊವಾಕಿಂ ಮಿರಾಂದಾ ಅವರಿಗೆ ಹೈದರಾಲಿಯ ಕಾಲದಿಂದಲೂ ಅರಮನೆಯಲ್ಲಿ ಗೌರವವಿತ್ತು. 1784ರಲ್ಲಿ ಇಗರ್ಜಿಗಳು ಬಿದ್ದಾಗ ಸನ್ಯಾಸಿಗಳ ಈ ನೆಲೆ ಉಳಿಯಿತು.

ಈ ದಾರಿಯ ಕೊನೆಗೆ ಇದನ್ನೇ ಇಟ್ಟದ್ದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಸೆಪ್ಟೆಂಬರ್ 8ರಂದು ಕರಾವಳಿಯ ಪ್ರತಿ ಕಥೋಲಿಕ ಮನೆಯಲ್ಲಿ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಿಂದ ತಂದ ಹೊಸ ತೆನೆಯ ಭತ್ತವನ್ನು ಸುಲಿದು, ಅರೆದು, ಹಾಲಿನಲ್ಲಿ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅದು ನೊವೆಂ, ಹೊಸ ಅನ್ನ. ಆ ದಿನದ ಊಟ ಸಸ್ಯಾಹಾರ, ಬಾಳೆಲೆಯ ಮೇಲೆ. ಮೊಂತಿ ಎಂಬ ಹೆಸರು ಬಂದದ್ದು ಈ ಬೆಟ್ಟದಿಂದ. 1763ರಲ್ಲಿ ಮಿರಾಂದಾ ಅವರೇ ಇಲ್ಲಿ ಆರಂಭಿಸಿದ ಆಚರಣೆ ಇದು. ಬಾಲ್ಯದಲ್ಲಿ ನೊವೆಂ ತಿನ್ನುತ್ತಿದ್ದಾಗ ಇದು ನನಗೆ ಗೊತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ ಈ ಬೆಟ್ಟಕ್ಕೆ ಸೈಕಲ್ ತಳ್ಳಿಕೊಂಡು ಬಂದ ಬೆಳಿಗ್ಗೆ, ಅಜ್ಜಿಯ ಕೈಯ ಆ ಬೆಳ್ಳಗಿನ ಹಾಲು ನಾಲಿಗೆಗೆ ಮತ್ತೆ ಬಂದಿತು. ಬಹಳ ಹೊತ್ತು ಅಲ್ಲೇ ಕುಳಿತಿದ್ದೆ.

ಇದು ಸನ್ಯಾಸಿಗಳು ವಾಸಿಸುವ ಜಾಗ. ಗೇಟಿನಲ್ಲಿ ಹೇಳಿ ಒಳಗೆ ಹೋಗಿ, ದನಿ ತಗ್ಗಿಸಿ, ವಸತಿಯ ಕಡೆ ಸುಳಿಯಬೇಡಿ. ನೀರು ತುಂಬಿಸಿಕೊಳ್ಳಬೇಕಾದರೆ ಕೇಳಿ.

ಒಂಬತ್ತರೊಳಗೆ ಹಿಂತಿರುಗಿ. ಬರುವಾಗ ಪೇಟೆಯಲ್ಲಿ ಎಳನೀರು ಕುಡಿಯಿರಿ, ಗಂಜಿ ಉಳಿಸಬೇಡಿ. ಮರಳುವ ದಾರಿಯಲ್ಲಿ ಬಿಸಿಲು ಬೆನ್ನಿಗಿರುತ್ತದೆ, ಪಡೀಲ್‌ನಿಂದ ಪಂಪ್‌ವೆಲ್‌ವರೆಗೆ ವಾಹನ ಹೆಚ್ಚು, ಕಂಕನಾಡಿಯ ಕೊನೆಯ ಏರು ಕಾಲಿನ ಸಾರ ಹೀರುತ್ತದೆ. ಅಲ್ಲಿ ಇಳಿದು ನಡೆಯಿರಿ. ಇದಿಷ್ಟು ಸಲೀಸಾಯಿತು ಎನ್ನುವವರಿಗೆ ಮುಂದಿನ ಚಳಿಗಾಲಕ್ಕೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕ ಇದೆ, ಒಂದೇ ದಿಕ್ಕಿಗೆ 50 ಕಿಲೋಮೀಟರ್ ಮೀರಿದ ದಾರಿ. ಅದಕ್ಕೆ ಮೊದಲು ಗುರುಪುರದ ಏರನ್ನು ಒಮ್ಮೆ ಪ್ರತ್ಯೇಕವಾಗಿ ಹತ್ತಿ ನೋಡಿ.

ಮನೆ ಅಥವಾ ವಸತಿಗೃಹ ತಲುಪಿದೊಡನೆ, ನೀವು ಸ್ನಾನಕ್ಕೆ ಹೋಗುವ ಮೊದಲು, ಹಳೆಯ ಬಟ್ಟೆಯಿಂದ ಸರಪಳಿ ಒರೆಸಿ, ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಈ ಊರಿನ ಗಾಳಿಯಲ್ಲಿ ಉಪ್ಪಿದೆ, ಮರುದಿನ ಸಂಜೆಗೇ ತುಕ್ಕು ಕಾಣಿಸಿಕೊಳ್ಳುತ್ತದೆ.